ಅಪ್ಪ ಏಟು ಎಣಿಸಿದ ದಿನ

ತಂಗಿಯ ಮೊದಲ ಅಮೆಚೂರ್ ಎಂಎಂಎ (ಬಾಕ್ಸಿಂಗ್, ಕುಸ್ತಿ ಎಲ್ಲ ಬೆರೆತ ಕಾದಾಟ) ಪಂದ್ಯಕ್ಕೆ ಅಪ್ಪನೂ ಬರುತ್ತೇನೆ ಅಂದಾಗ ನನಗೆ ಖುಷಿಗಿಂತ ಭಯವೇ ಜಾಸ್ತಿ ಆಯಿತು. ಎರಡು ವರ್ಷದಿಂದ ಅವರದ್ದು ಒಂದೇ ಮಾತು, "ಬೀದಿ ಜಗಳಕ್ಕೆ ಗ್ಲೋವ್ಸ್ ಹಾಕಿಬಿಟ್ರೆ ಅದು ಆಟ ಆಗತ್ತಾ?" ಅವತ್ತು ಹೊರಟಿದ್ದೂ ಪಂದ್ಯ ನೋಡೋಕಲ್ಲ, ಏಟು ಜಾಸ್ತಿ ಬಿದ್ದರೆ ಮಗಳನ್ನು ಮನೆಗೆ ಕರೆದುಕೊಂಡು ಬರೋಕೆ.

ಅಪ್ಪನನ್ನು ತಪ್ಪು ಅನ್ನೋಕೆ ನನ್ನಿಂದ ಆಗುವುದಿಲ್ಲ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನೋ ಕಾದಾಟದ ಸ್ಪರ್ಧೆ ಮೊದಲ ಸಲ ನಡೆದಾಗ ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವವರಿರಲಿಲ್ಲ, ಗ್ಲೋವ್ಸ್ ಕೂಡ ಕಡ್ಡಾಯ ಇರಲಿಲ್ಲ. ನಿಯಮಗಳೇ ಇಲ್ಲ ಅಂತಲೇ ಪ್ರಚಾರ ಮಾಡಿದ್ದರು. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು, ನಿಲ್ಲಿಸಿ ಅಂತ ಅಮೆರಿಕದ ಗವರ್ನರ್‌ಗಳಿಗೆಲ್ಲ ಪತ್ರ ಬರೆದರು. ನ್ಯೂಯಾರ್ಕ್ 1997ರಲ್ಲಿ ಹಾಕಿದ ನಿಷೇಧ ತೆಗೆದದ್ದು 2016ರಲ್ಲಿ. ನಡುವೆ, 2001ರ ಹೊತ್ತಿಗೆ, ನ್ಯೂಜೆರ್ಸಿಯಲ್ಲಿ ಎಲ್ಲರಿಗೂ ಒಂದೇ ನಿಯಮಾವಳಿ ಬಂದಿತ್ತು. ಎಷ್ಟು ತೂಕ, ಎಷ್ಟು ನಿಮಿಷ, ಎಲ್ಲಿ ಹೊಡೆಯಬಾರದು, ಎಲ್ಲ ಬರೆದಿಟ್ಟದ್ದು. ಆದರೆ ಅಪ್ಪನ ತಲೆಯಲ್ಲಿ ಕೂತಿದ್ದು ಆ ಹಳೇ ದೃಶ್ಯಗಳೇ.

ಪಂದ್ಯಕ್ಕೆ ಮುಂಚೆ ಅವರನ್ನು ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ತಂಗಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಉಗುರು ನೋಡಿದರು. ಕೋಚ್ ಕೈಗೆ ಪಟ್ಟಿ ಸುತ್ತಿ, ಬೆರಳುಗಳ ಸಂದಿಯಲ್ಲಿ ಟೇಪ್ ಎಳೆದು ಮುಗಿಸುವವರೆಗೂ ಒಬ್ಬ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಅವಳ ಮುಷ್ಟಿಯನ್ನು ಒತ್ತಿ ನೋಡಿ, ಟೇಪಿನ ಮೇಲೆ ಮಾರ್ಕರ್‌ನಲ್ಲಿ ಸಹಿ ಹಾಕಿದರು.

"ಸಹಿ ಯಾಕೆ?" ಅಪ್ಪ ಮೆಲ್ಲಗೆ ಕೇಳಿದರು.

"ಆಮೇಲೆ ಬಿಚ್ಚಿ ಒಳಗೆ ಏನೂ ಸೇರಿಸಬಾರದು ಅಂತ."

ಅವರು ಏನೂ ಹೇಳಲಿಲ್ಲ. ಆದರೆ ಆ ಸಹಿಯನ್ನು ಇನ್ನೊಮ್ಮೆ ಬಗ್ಗಿ ನೋಡಿದರು.

ತಂಗಿಗಿಂತ ಮುಂಚೆ ಇಬ್ಬರು ಹುಡುಗರ ಪಂದ್ಯ ಇತ್ತು. ಒಬ್ಬ ಕೆಳಗೆ ಬಿದ್ದ, ಮೇಲಿದ್ದವನು ಅವನ ತೋಳನ್ನು ಎರಡು ಕಾಲಿನ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಮಲಗಿದ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು, ಗಟ್ಟಿಯಾಗಿ. ಕೆಳಗಿದ್ದವನು ಇನ್ನೊಂದು ಕೈಯಿಂದ ಎದುರಾಳಿಯ ತೊಡೆಗೆ ಪಟಪಟ ತಟ್ಟಿದ. ರೆಫರಿ ಹಾರಿ ಬಂದರು, ಅಷ್ಟರಲ್ಲಿ ತೋಳು ಬಿಟ್ಟಾಗಿತ್ತು. ಗೆದ್ದವನು ಮೊದಲು ಮಾಡಿದ ಕೆಲಸ ಅಂದರೆ ಸೋತವನ ಮೊಣಕೈ ಸವರಿ, ಸರಿ ಇದೆಯಾ ಅಂತ ಕೇಳಿದ್ದು.

"ತಟ್ಟಿದರೆ ಬಿಡಲೇಬೇಕಾ?"

"ಬಿಡಲೇಬೇಕು ಅಪ್ಪಾ."

ಬೀದಿ ಜಗಳದಲ್ಲಿ ಹಾಗೆ ಬಿಡುತ್ತಾರಾ ಅಂತ ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ಆದರೆ ಅವರೇ ಅದನ್ನು ಯೋಚಿಸುತ್ತಿದ್ದ ಹಾಗಿತ್ತು, ಹಾಗಾಗಿ ಸುಮ್ನೆ ಕೂತೆ.

ತಂಗಿಯ ಪಂದ್ಯ ಮೂರು ರೌಂಡೂ ನಡೆಯಿತು. ಮೊದಲನೆಯದರಲ್ಲಿ ಮೂಗಿಗೆ ಬಿತ್ತು, ರಕ್ತ ಬಂತು, ಅಪ್ಪ ಎದ್ದು ನಿಂತರು, ನಾನು ಕೂರಿಸಿದೆ. ಎರಡನೆಯದರಲ್ಲಿ ಅವಳು ಸೊಂಟ ಹಿಡಿದು ಎದುರಾಳಿಯನ್ನು ಕೆಡವಿದಾಗ ಅಪ್ಪ ಮತ್ತೆ ಎದ್ದು ನಿಂತರು. ಈ ಸಲ ನಾನು ಕೂರಿಸಲಿಲ್ಲ. ಮೂರನೆಯದು ಪೂರ್ತಿ ಎದುರಾಳಿಯದೇ. ಮೂವರು ತೀರ್ಪುಗಾರರಲ್ಲಿ ಇಬ್ಬರು ಆ ಹುಡುಗಿಗೆ ಕೊಟ್ಟರು, ಒಬ್ಬರು ನಮ್ಮವಳಿಗೆ. ನನ್ನ ಪ್ರಕಾರ ತೀರ್ಪು ಸರಿಯಾಗಿಯೇ ಇತ್ತು.

ಹೊರಗೆ ಬಂದಾಗ ತಂಗಿ ಮೂಗಿನ ಮೇಲೆ ಐಸ್ ಇಟ್ಟುಕೊಂಡಿದ್ದಳು. ಇನ್ನು ಇದೆಲ್ಲ ಸಾಕು ಅಂತ ಅಪ್ಪ ಅನ್ನುತ್ತಾರೆ ಅಂತ ನಾವಿಬ್ಬರೂ ಕಾಯುತ್ತಿದ್ದೆವು.

"ಎರಡನೇ ರೌಂಡ್ ಇವಳದ್ದೇ ಅಲ್ವಾ? ಅಂಕ ಇವಳಿಗೆ ಹತ್ತು, ಆ ಹುಡುಗಿಗೆ ಒಂಬತ್ತು ಬರಬೇಕಿತ್ತು. ಆ ಇಬ್ಬರು ಏನು ನೋಡ್ತಿದ್ರು?"

"ಮೇಲೆ ಕೂತ್ರೆ ಸಾಲಲ್ಲ ಅಪ್ಪಾ, ಏಟು ಬೀಳಬೇಕು," ಅಂದಳು ತಂಗಿ.

"ಬಿತ್ತಲ್ಲ. ನಾಲ್ಕು. ನಾನು ಎಣಿಸಿದ್ದೀನಿ."