ಎರಿ ಹೊಲದಾಗ ಸೀತನಿ ಊಟ

ಹೋದ ಐತವಾರ ಅಣ್ಣಿಗೇರಿ ಕಡೆ ಒಂದ್ ಹೊಲಕ್ಕ ಊಟಕ್ಕ ಹೋಗಿದ್ವಿ, ರೆಸಾರ್ಟ್ ಗಿಸಾರ್ಟ್ ಅಲ್ಲ ಮತ್ತ, ಖರೇನ ಬೆಳಿ ಬೆಳಿಯೋ ಎರಿ ಹೊಲ, ಅಂದ್ರ ಕರಿ ಮಣ್ಣಿಂದು, ಮೊದ್ಲ ಫೋನ್ ಮಾಡಿ ಹೇಳಿದ್ರ ಅಷ್ಟ ಅಡಿಗಿ ಮಾಡ್ತಾರ. ಮೆನು ಕಾರ್ಡ್ ಇಲ್ಲ ಏನಿಲ್ಲ, ಬೇವಿನ ಗಿಡದ ಕೆಳಗ ಕಂಬಳಿ ಹಾಸಿದ್ರು.

ನಾವ್ ಹೋಗಿದ್ದ ಸೀತನಿ ಸಲುವಾಗಿ, ಅಂದ್ರ ಕೆಂಡದಾಗ ಸುಟ್ಟ ಎಳಿ ಜೋಳದ ಕಾಳು. ಹಿಂಗಾರಿ ಬಿಳಿಜೋಳದ ತೆನಿ ಹಾಲುಗಾಳು ದಾಟಿರ್ತೈತಿ, ಇನ್ನೂ ಗಟ್ಟಿ ಆಗಿರೂದಿಲ್ಲ ನೋಡ್ರಿ, ಆ ಸ್ವಲ್ಪ ದಿನ ಅಷ್ಟ ಇದು ಸಿಗೋದು. ಹೊಲದ ಕಾಕಾ ಕುಣಿ ತೋಡಿ ಕುಳ್ಳಿನ ಕೆಂಡದಾಗ ತೆನಿ ಹುಗದ್ರು, ಆಮ್ಯಾಲೆ ಬಿಸಿ ಬಿಸಿ ಇದ್ದಾಗ್ಲೇ ಗೋಣಿಚೀಲದ ಮ್ಯಾಲ ತಿಕ್ಕಿ ಮೊರದಾಗ ಕೇರಿದ್ರು, ಹಸಿರ ಕಾಳು, ಮ್ಯಾಲ ಹೊಗಿ ವಾಸ್ನಿ, ಆಹಾ! ನಾನೂ ತಿಕ್ಕಾಕ ಹೋಗಿ ಬೊಟ್ಟ ಸುಟ್ಕೊಂಡೆ.

“ಸಾವಕಾಶ ತಮ್ಮಾ, ಕಾಳೇನ್ ಓಡಿ ಹೋಗೂದಿಲ್ಲ” ಅಂದ್ರು.

ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು ಹಚ್ಕೊಂಡು ತಿಂದ್ವಿ. ರೊಟ್ಟಿ, ಎಣ್ಣಿಗಾಯಿನೂ ಇದ್ವು ಖರೆ, ಅವನ್ನ ಯಾರೂ ಮುಟ್ಲಿಲ್ಲ, ಕಾಕೂಗ ಸಿಟ್ಟ ಬಂತೋ ಏನೋ.

ಬರುವಾಗ ಒಂದ್ ಫಜೀತಿ. ಎರಿ ನೆಲ ಒಣಗಿ ಅಂಗೈ ಅಗಲ ಬಿರಕ ಬಿಟ್ಟಿತ್ತು, ಸೆಲ್ಫಿ ಹುಚ್ಚಿನ್ಯಾಗ ಬೈಕ್ ಕೀಲಿ ಅದರೊಳಗ ಬಿತ್ತು, ಜೋಳದ ದಂಟಿಗೆ ತಂತಿ ಕಟ್ಟಿ ಅರ್ಧ ತಾಸು ಗಾಳ ಹಾಕಿದ್ವಿ.