ಡಿಆರ್‌-ಝಡ್‌ 400ಎಸ್: ಏರ್‌ಬಾಕ್ಸ್ ಕತ್ತರಿಸುವ ಮುನ್ನ ಪೆಟ್ರೋಲಿನ ಲೆಕ್ಕ

ಸುಜುಕಿ ಡಿಆರ್‌-ಝಡ್‌ 400ಎಸ್ ಬೈಕ್ ಇಟ್ಟುಕೊಂಡಿರುವ ಅಮೆರಿಕದ ಸವಾರರು ನಾಲ್ಕು ಜನ ಸೇರಿದರೆ ‘ತ್ರೀ ಬೈ ತ್ರೀ’ ವಿಷಯ ಬಂದೇ ಬರುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯ ಫಿಲ್ಟರ್ ಇರುವ, ಸೀಟಿನ ಕೆಳಗಿನ ಏರ್‌ಬಾಕ್ಸಿನ ಮೇಲ್ಭಾಗದಿಂದ ಗಾಳಿ ಒಳಬರುವ ಸ್ನಾರ್ಕೆಲ್ ಕೊಳವೆಯನ್ನು ಕಿತ್ತು, ಅದೇ ಜಾಗದಲ್ಲಿ ಮೂರು ಅಂಗುಲ ಉದ್ದ, ಮೂರು ಅಂಗುಲ ಅಗಲದ, ಅಂದರೆ ಸುಮಾರು 76 ಮಿ.ಮೀ. ಚೌಕದ ಕಿಂಡಿ ಕತ್ತರಿಸುವುದಕ್ಕೆ ಆ ಹೆಸರು. ಅರಿಜೋನಾದಲ್ಲಿ ಕೊಂಡ ನನ್ನ ಹಳೆಯ ಗಾಡಿಗೂ ಇದನ್ನು ಮಾಡಿದ್ದೇನೆ. ಬೆಂಗಳೂರಿನ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಪವರ್ ಜಾಸ್ತಿಯಾಯಿತು?’ ಬರೀ ಕಿಂಡಿಯಿಂದ ಏನೂ ಆಗುವುದಿಲ್ಲ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರನ್ನು ಮುಟ್ಟದೆ ಬಿಟ್ಟರೆ ಇದ್ದುದೂ ಹೋಗುತ್ತದೆ ಎಂಬುದೇ ನನ್ನ ಉತ್ತರ.

398 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ 8,000 ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ 4,000 ಬಾರಿ ಉಸಿರೆಳೆಯುತ್ತದೆ; ಸಿಲಿಂಡರ್ ಪ್ರತಿ ಬಾರಿಯೂ ಪೂರ್ತಿ ತುಂಬಿತೆಂದುಕೊಂಡರೆ ನಿಮಿಷಕ್ಕೆ ಸುಮಾರು 1,590 ಲೀಟರ್ ಗಾಳಿ ಬೇಕು. ಆ ಗಾಳಿ ಒಂದೇ ಸಮನೆ ಹರಿಯದೆ ಬಿಟ್ಟು ಬಿಟ್ಟು ಹೊಡೆತಗಳಾಗಿ ಹೋಗುವುದರಿಂದ ಏರ್‌ಬಾಕ್ಸ್ ಫಿಲ್ಟರ್ ಇಡುವ ಡಬ್ಬಿ ಮಾತ್ರವಲ್ಲ, ಗಾಳಿಯ ದಾಸ್ತಾನೂ ಹೌದು. ಸ್ನಾರ್ಕೆಲನ್ನು ಕಂಪನಿಯವರು ಸುಮ್ಮನೆ ಕೂರಿಸಿಲ್ಲ. ಅದು ಗಾಳಿ ಎಳೆಯುವ ಸದ್ದನ್ನು ತಗ್ಗಿಸುತ್ತದೆ ಮತ್ತು ನೀರು ಒಳಗೆ ಬೀಳದಂತೆ ತಡೆಯುತ್ತದೆ. ಅಡ್ಡಿಯಾಗುವುದು ಥ್ರಾಟಲ್ ಪೂರ್ತಿ ತೆರೆದು ಮೇಲಿನ ಆರ್‌ಪಿಎಮ್‌ಗೆ ಹೋದಾಗ.

ಇನ್ನು ಮುಖ್ಯ ಸಂಗತಿ. ಏರ್‌ಬಾಕ್ಸಿನ ಬಾಯಿ ಕಿರಿದಾಗಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನ ವೆಂಟ್ ಕೊಳವೆ ಹೊರಗಾಳಿಗೆ ತೆರೆದುಕೊಂಡಿರುವುದರಿಂದ ಅಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ವಾತಾವರಣದ ಪೂರ್ತಿ ಒತ್ತಡವಿರುತ್ತದೆ; ಈ ವ್ಯತ್ಯಾಸವೇ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಒಂದಿಷ್ಟು ಹೆಚ್ಚು ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕಿಂಡಿ ಕತ್ತರಿಸಿದ ಕೂಡಲೇ ಆ ವ್ಯತ್ಯಾಸ ಇಳಿಯುತ್ತದೆ. ಗಾಳಿ ಹೆಚ್ಚಾಯಿತು, ಪೆಟ್ರೋಲ್ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ, ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಯಿತು. ಆಗ ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನುತ್ತದೆ, ಒಂದೇ ವೇಗದಲ್ಲಿ ಹೋಗುವಾಗ ಗಾಡಿ ಎಳೆದು ಬಿಟ್ಟಂತೆ ಓಡುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಕತ್ತರಿಸುವ ಕೆಲಸ ಸುಲಭ. ಫಿಲ್ಟರ್ ತೆಗೆದು, ಕಾರ್ಬುರೇಟರಿಗೆ ಹೋಗುವ ರಬ್ಬರ್ ಬೂಟಿನ ಬಾಯಿಗೆ ಬಟ್ಟೆ ತುರುಕಬೇಕು. ನಾಲ್ಕು ಮೂಲೆಗಳಲ್ಲೂ ಮೊದಲು ಡ್ರಿಲ್‌ನಿಂದ ದುಂಡನೆಯ ತೂತು ಕೊರೆದು ಆಮೇಲೆ ಅವುಗಳ ನಡುವೆ ಕೊಯ್ಯಬೇಕು. ಚೂಪಾದ ಮೂಲೆ ಬಿಟ್ಟರೆ ಎಂಜಿನ್ನಿನ ನಡುಕಕ್ಕೆ ಅಲ್ಲಿಂದಲೇ ಪ್ಲಾಸ್ಟಿಕ್ ಸೀಳುತ್ತದೆ. ಅಂಚುಗಳಿಗೆ ಅರ ಹಾಕಿ, ಒಂದು ಪುಡಿಯೂ ಉಳಿಯದಂತೆ ಒರೆಸಿದ ಮೇಲೆಯೇ ಬಟ್ಟೆ ಹೊರಗೆ ಬರಬೇಕು.

ತಾಳ್ಮೆ ಬೇಕಾಗುವುದು ಜೆಟ್ಟಿಂಗಿಗೆ, ಅಂದರೆ ಜೆಟ್ಟುಗಳನ್ನು ಹೊಂದಿಸುವುದಕ್ಕೆ. 400ಎಸ್‌ನಲ್ಲಿರುವುದು ಮಿಕುನಿ ಬಿಎಸ್‌ಆರ್ 36 ಕಾರ್ಬುರೇಟರ್. ಥ್ರಾಟಲ್ ಪೂರ್ತಿ ತೆರೆದಾಗಿನ ಪೆಟ್ರೋಲನ್ನು ಮೇನ್ ಜೆಟ್ ಕೊಡುತ್ತದೆ, ಅರ್ಧ ತೆರೆದಾಗಿನದು ಜೆಟ್ಟಿನ ಬಾಯಿಯಲ್ಲಿ ಮೇಲೆ ಕೆಳಗೆ ಆಡುವ ಸೂಜಿಯಾದ ನೀಡಲ್‌ನ ಎತ್ತರಕ್ಕೆ ಸೇರಿದ್ದು, ಐಡಲ್ ಮತ್ತು ಅದರ ಆಚೀಚೆ ಪೈಲಟ್ ಜೆಟ್ ಹಾಗೂ ಫ್ಯೂಯೆಲ್ ಸ್ಕ್ರೂ ನೋಡಿಕೊಳ್ಳುತ್ತವೆ. ಮೇನ್ ಜೆಟ್ ಒಂದನ್ನೇ ದೊಡ್ಡದು ಮಾಡಿ ಕೈತೊಳೆದುಕೊಳ್ಳುವವರು ಬಹಳ. ಆದರೆ ಮಣ್ಣಿನ ದಾರಿಯಲ್ಲಿ ನಾವು ಹೆಚ್ಚು ಹೊತ್ತು ಇರುವುದು ಅರ್ಧ ಥ್ರಾಟಲ್‌ನಲ್ಲಿ, ಹಾಗಾಗಿ ನೀಡಲ್ ಕೆಳಗೆ ತೆಳ್ಳನೆಯ ವಾಷರ್ ಕೂರಿಸಿ ಎತ್ತರಿಸುವುದೇ ಸವಾರಿಯಲ್ಲಿ ಹೆಚ್ಚು ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬಿಸಿ ಎಂಜಿನ್ನಿನಲ್ಲಿ ಓಡಿಸಿ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ಗಮನಿಸಬೇಕು: ಬಿಳುಚಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್ (ಪೆಟ್ರೋಲ್ ಜಾಸ್ತಿ).

ಅರಿಜೋನಾದ ಭೂಗೋಳ ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಫೀನಿಕ್ಸ್ ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದ್ದರೆ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸರಿಸುಮಾರು ಆರನೇ ಒಂದು ಭಾಗ ಕಡಿಮೆ. ಕೆಳಗೆ ಸರಿಯಾಗಿದ್ದ ಜೆಟ್ ಮೇಲೆ ಹೋದಾಗ ರಿಚ್ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನೆಂದರೆ ಮಧ್ಯದಿಂದ ಮೇಲಕ್ಕೆ ಗಾಡಿ ಸಲೀಸಾಗಿ ಏರುತ್ತದೆ, ಥ್ರಾಟಲ್ ತಿರುವಿದ ತಕ್ಷಣ ಓಗೊಡುತ್ತದೆ. ಸೀಟಿನ ಕೆಳಗಿನ ಗುರುಗುಟ್ಟುವಿಕೆಯನ್ನೇ ಪವರ್ ಎಂದು ನಂಬಿದವರೂ ಇದ್ದಾರೆ, ಪಾಪ. ಸೈಲೆನ್ಸರ್ ಹಳೆಯದೇ ಆಗಿದ್ದರೆ ಹೊರಹೋಗುವ ದಾರಿ ಬಿಗಿಯಾಗಿಯೇ ಉಳಿಯುವುದರಿಂದ ಲಾಭವೂ ಸಣ್ಣದೇ. ನನ್ನದು ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಮಣ್ಣಿನ ಟ್ರ್ಯಾಕಿನಲ್ಲಷ್ಟೇ ಓಡಿಸುವ ಗಾಡಿ. ರಸ್ತೆಗೆ ನೋಂದಾಯಿಸಿದ ವಾಹನದ ಹೊಗೆ ನಿಯಂತ್ರಣ ವ್ಯವಸ್ಥೆಗೆ ಕೈಹಾಕುವುದನ್ನು ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಒಪ್ಪುವುದಿಲ್ಲ, ಕಂಪನಿಯ ವಿನ್ಯಾಸ ಬದಲಿಸುವುದಕ್ಕೆ ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ಊರಿನಲ್ಲಿ ಎಕ್ಸ್‌ಪಲ್ಸ್ 200 ಓಡಿಸುವ ಗೆಳೆಯರಿಗೆ ಇದನ್ನು ಹಾಗೆಯೇ ಶಿಫಾರಸು ಮಾಡಲಾರೆ. ಇಂಜೆಕ್ಷನ್ ಗಾಡಿಗೆ ಜೆಟ್ ಇರುವುದಿಲ್ಲ. ಆಕ್ಸಿಜನ್ ಸೆನ್ಸರ್ ಸಾಧಾರಣ ವೇಗದಲ್ಲಿ ಸ್ವಲ್ಪ ಮಟ್ಟಿಗೆ ಸರಿದೂಗಿಸಿದರೂ ಥ್ರಾಟಲ್ ಪೂರ್ತಿ ತೆರೆದಾಗ ಗಾಡಿಯ ಕಂಪ್ಯೂಟರಾದ ಇಸಿಯು ತನ್ನಲ್ಲಿ ಮೊದಲೇ ಬರೆದಿಟ್ಟ ಪಟ್ಟಿಯಾದ ಮ್ಯಾಪ್ ನೋಡಿಯೇ ಪೆಟ್ರೋಲ್ ಕೊಡುತ್ತದೆ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹಳ್ಳ ದಾಟುವವರಂತೂ ಏರ್‌ಬಾಕ್ಸಿನ ಮುಚ್ಚಳವನ್ನು ಕತ್ತರಿಸದೆ, ಫೋಮ್ ಫಿಲ್ಟರ್ ಇದ್ದರೆ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ, ಅಂಚಿಗೆ ಗ್ರೀಸ್ ಸವರಿ ಕೂರಿಸಿದರೆ ಸಾಕು.