ಅಥೆನ್ಸಿನ ಕನ್ನಗಳ್ಳ

ಎರಡನೇ ವರ್ಷದ ಕ್ರಿಮಿನಲ್ ಲಾ ಕ್ಲಾಸು. ಊಟದ ನಂತರದ ಪೀರಿಯಡ್. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಮೇಷ್ಟ್ರು ಬಂದವರೇ ಬೋರ್ಡಿನ ಮೇಲೆ 'ಮೆನ್ಸ್ ರಿಯಾ' ಅಂತ ಬರೆದರು. ತಪ್ಪು ಮಾಡುವ ಮನಸ್ಸು ಅಂತ ಅರ್ಥ. "ಈ ರಿಯಾ ಬಂದಿದ್ದು ರೇಯುಸ್ ಅನ್ನೋ ಲ್ಯಾಟಿನ್ ಪದದಿಂದ. ರೇಯುಸ್ ಅಂದರೆ ಯಾರು?"

"ಅಪರಾಧಿ ಸಾರ್" ಅಂದೆ.

"ಇನ್ನೂ ಸಾಕ್ಷಿ ವಿಚಾರಣೆನೇ ಆಗಿಲ್ಲ, ಆಗಲೇ ತೀರ್ಪು ಕೊಟ್ಟೆಯಲ್ಲಯ್ಯ!"

ಹಳೆಯ ಲ್ಯಾಟಿನ್‌ನಲ್ಲಿ ವ್ಯಾಜ್ಯದಲ್ಲಿರುವ ಇಬ್ಬರೂ ರೇಯುಸ್ ಅಂತೆ. ವಾದಿಯೂ ಸೇರಿ. ರೋಮಿನ ವಕೀಲ ಸಿಸೆರೊ ಇದನ್ನು ಬರೆದಿಟ್ಟಿದ್ದಾನೆ. ಬರ್ತಾ ಬರ್ತಾ ಅದು ಆರೋಪಿಗೆ ಮಾತ್ರ ಅಂಟಿಕೊಂಡಿತು. ಆಮೇಲೆ ತಪ್ಪಿತಸ್ಥನಿಗೆ. "ಪಾಪ, ಆ ಪದಕ್ಕೆ ಜಾಮೀನೇ ಸಿಗಲಿಲ್ಲ" ಅಂದರು.

ಅವತ್ತು ಸಿಲಬಸ್ ಮುಂದೆ ಹೋಗಲಿಲ್ಲ. ಕಳ್ಳನಿಗೆ ಲ್ಯಾಟಿನ್‌ನಲ್ಲಿ 'ಫೂರ್'. ಹೊತ್ತುಕೊಂಡು ಹೋಗುವವನು. ನಮ್ಮ 'ಭಾರ'ಕ್ಕೂ ಅದಕ್ಕೂ ಬೇರು ಒಂದೇ. 'ಲಾತ್ರೋ' ಮೊದಲು ಕೂಲಿ ಸೈನಿಕ, ಆಮೇಲೆ ದಾರಿಗಳ್ಳ. ಸಂಬಳ ನಿಂತಿರಬೇಕು! 'ಸಿಕಾರಿಯುಸ್' ಅಂದರೆ 'ಸಿಕಾ' ಎಂಬ ಬಾಕು ಇಟ್ಟುಕೊಂಡು ತಿರುಗುವ ಕೊಲೆಗಾರ. ಕ್ರಿ.ಪೂ. 81ರಲ್ಲಿ ರೋಮಿನ ಸರ್ವಾಧಿಕಾರಿ ಸುಲ್ಲಾ ತಂದ ಕಾನೂನು ಇವನನ್ನೂ ವಿಷ ಹಾಕುವವನನ್ನೂ ಒಂದೇ ಹೆಸರಿನಡಿ ತಂದಿತ್ತು.

ನನಗೆ ನಿದ್ದೆ ಪೂರ್ತಿ ಬಿಟ್ಟಿದ್ದು ಗ್ರೀಕ್ ಶುರುವಾದಾಗ. ಅಥೆನ್ಸಿನಲ್ಲಿ 'ಕಕೂರ್ಗೋಸ್' ಅಂದರೆ ಕೆಟ್ಟ ಕೆಲಸ ಮಾಡುವವನು. ಸುಮ್ನೆ ಬೈಗುಳವಲ್ಲ, ಕಾನೂನಿನ ಪದ. ಸ್ನಾನಕ್ಕೆ ಹೋದವರ ಬಟ್ಟೆ ಕದಿಯುವವನೂ ಅದರಲ್ಲಿ ಬರುತ್ತಿದ್ದ. ಸಿಕ್ಕಿಬಿದ್ದವನನ್ನು 'ಹನ್ನೊಂದು ಮಂದಿ' ಎಂಬ ಅಧಿಕಾರಿಗಳ ಹತ್ತಿರ ಎಳೆದುಕೊಂಡು ಹೋಗುವುದು. ಒಪ್ಪಿಕೊಂಡರೆ ವಿಚಾರಣೆಯಿಲ್ಲದೆ ಮರಣದಂಡನೆ. ಒಪ್ಪದಿದ್ದರೆ ಕೋರ್ಟು. ಅಲ್ಲಿ ಯಾರು ತಾನೇ ಒಪ್ಪುತ್ತಾರೆ, ಅಲ್ವಾ?

ಅದೇ ಪಟ್ಟಿಯಲ್ಲಿ ಇನ್ನೊಬ್ಬ: 'ತೊಯ್ಖೋರುಖೋಸ್'. ಮೇಷ್ಟ್ರು ಪದವನ್ನು ಎರಡು ತುಂಡು ಮಾಡಿದರು. ತೊಯ್ಖೋಸ್ ಅಂದರೆ ಗೋಡೆ. ಉಳಿದದ್ದು ಅಗೆಯುವುದು. ಅಥೆನ್ಸಿನ ಮನೆಗಳದ್ದು ಹಸಿ ಇಟ್ಟಿಗೆಯ ಗೋಡೆ. ಬಾಗಿಲು ಒಡೆಯುವುದಕ್ಕಿಂತ ಗೋಡೆ ಕೊರೆಯುವುದೇ ಸುಲಭ.

"ಕನ್ನಗಳ್ಳ!" ಅಂತ ಕೂಗಿಬಿಟ್ಟೆ. ನಮ್ಮಜ್ಜಿಯ ಕಥೆಯಲ್ಲಿ ಕಳ್ಳ ಕನ್ನದೊಳಗೆ ಮೊದಲು ಮಡಕೆ ತೂರಿಸುತ್ತಿದ್ದ. ಒಳಗೆ ಯಾರಾದರೂ ಒನಕೆ ಹಿಡಿದು ಕಾದಿದ್ದರೆ ಮಡಕೆ ಒಡೆಯಲಿ ಅಂತ. ಮೇಷ್ಟ್ರು ಅದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ 1860ರ ದಂಡ ಸಂಹಿತೆ ತೆಗೆಸಿ 445ನೇ ಕಲಮು ಓದಿಸಿದರು. ಮನೆ ಒಡೆಯುವುದಕ್ಕೆ ಅಲ್ಲಿರುವ ಮೊದಲ ಉದಾಹರಣೆ: ಗೋಡೆಗೆ ತೂತು ಮಾಡಿ ಕೈ ತೂರಿಸುವವನು.

ಈಗ ನಾನು ತಾಲೂಕು ಕೋರ್ಟಿನಲ್ಲಿ ವಕೀಲ. ಬೀಗ ಮುರಿದರೂ ಪೊಲೀಸರ ಭಾಷೆಯಲ್ಲಿ ಅದು 'ಕನ್ನ ಕಳವು'. ಹೋದ ವರ್ಷ ನನ್ನ ಕಕ್ಷಿದಾರನಿಗೆ ಎಫ್‌ಐಆರ್ ಓದಿ ಹೇಳಿದೆ. ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ.

"ಕನ್ನ ಅಂದ್ರೆ ಏನು ಸಾರ್?"